ಹಾಜರಿಗೆ ಸಾಕ್ಷಿ ರೊಟ್ಟಿ

ಆಫೀಸಿಗೆ ಬಾರದವರನ್ನು ವಿಚಾರಿಸಿ ಬಾ ಎಂದು ಕಂಪನಿ ನನ್ನನ್ನು ಹೈದರಾಬಾದಿಗೆ ಕಳಿಸಿತ್ತು. ಮನೆಯಿಂದ ಕೆಲಸ ಸಾಕು, ವಾರಕ್ಕೆ ಮೂರು ದಿನ ಬರಲೇಬೇಕು ಎಂಬ ನಿಯಮ ಬಂದು ಎರಡು ತಿಂಗಳಾಗಿತ್ತು. ಬಾಗಿಲ ಯಂತ್ರಕ್ಕೆ ಕಾರ್ಡ್ ತೋರಿಸಿದರೆ ಹಾಜರಿ. ಪಟ್ಟಿಯ ಮೊದಲ ಹೆಸರು ಕಲಬುರಗಿಯ ಸುನಂದಾ. ಅಷ್ಟೂ ದಿನದಲ್ಲಿ ಒಂದು ದಿನವೂ ಹಾಜರಿಯಿಲ್ಲ. ಕಂಪನಿ ಕಳಿಸಿದ ನೋಟಿಸಿಗೆ ಸರಿಯಾದ ಉತ್ತರ ಕೊಡದಿದ್ದರೆ ಕೆಲಸ ಹೋದಂತೆಯೇ.

ನಾನೂ ಸುನಂದಾಳೂ ಆಫೀಸಿನಲ್ಲಿ ಕೂತೆವು. ಆಕೆಯ ಮ್ಯಾನೇಜರ್ ಮಾತ್ರ ಮೈಸೂರಿನ ತಮ್ಮ ಮನೆಯಿಂದಲೇ ಪರದೆಯ ಮೇಲೆ ಬಂದರು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಆಫೀಸಿಗೆ ಬರೋಕೆ ನಿಮಗೇನಮ್ಮಾ ಕಷ್ಟ?"

"ದಿನಾ ಬರ್ತೀನ್ರಿ ಸರ್. ಈಗೂ ಆಫೀಸಿನ್ಯಾಗ ಅದೀನಿ. ನೀವೆಲ್ಲಿ ಅದೀರಿ?"

ಅವರು ಕೆಮ್ಮಿದರು. "ಮತ್ತೆ ಕಾರ್ಡ್ ಯಾಕೆ ತೋರಿಸಿಲ್ಲ?"

"ಎರಡೂ ಕೈಯಾಗ ಡಬ್ಬಿ ಇರ್ತಾವ್ರಿ. ಮುಂದ ಹೋದವರು ಬಾಗಿಲಾ ಹಿಡೀತಾರ, ನಾ ಒಳಗ ಬರ್ತೀನಿ."

ಹೈದರಾಬಾದಿನಲ್ಲಿ ತಾನಿದ್ದ ನಾರಾಯಣಗೂಡದಿಂದ ಆಕೆ ದಿನವೂ ಇಡೀ ತಂಡಕ್ಕೆ ಜೋಳದ ರೊಟ್ಟಿ ಹೊತ್ತು ತರುತ್ತಿದ್ದಳಂತೆ. ಬಾಗಿಲು ಹಿಡಿದವರಿಗೆ ಹಾಜರಿ, ರೊಟ್ಟಿ ತಂದವಳಿಗೆ ನೋಟಿಸು.

ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಯಿಂದ ಹೊರಗೆ ಹೋಗಿ, "ಸುನಂದಾ ರೊಟ್ಟಿ ತಿಂದವರು ಕೈ ಎತ್ತಿ" ಎಂದೆ. ಇಡೀ ಸಾಲು ಎತ್ತಿತು. ಪರದೆಯಲ್ಲಿ ಅದನ್ನು ತೋರಿಸಿದ ಮೇಲೆ ಮ್ಯಾನೇಜರ್ ನೋಟಿಸು ಹಿಂದಕ್ಕೆ ಪಡೆದರು.

ವಾರದ ನಂತರ ನನಗೇ ಒಂದು ಪತ್ರ ಬಂತು: ನೀವು ಹೈದರಾಬಾದ್ ಆಫೀಸಿಗೆ ಹೋದ ದಾಖಲೆಯಿಲ್ಲ, ಕಾರಣ ಕೊಡಿ. ಅವತ್ತು ಸೂಟ್‌ಕೇಸ್ ಎಳೆದುಕೊಂಡು ಬಂದ ನನಗೂ ಯಾರೋ ಪುಣ್ಯಾತ್ಮರು ಬಾಗಿಲು ಹಿಡಿದಿದ್ದರು. ಎಷ್ಟೋ ದೇಶಗಳ ಗಡಿ ದಾಟಿದ್ದೇನೆ. ದಾಖಲೆಯಿಲ್ಲದೆ ನುಸುಳಿದ್ದು ಅಲ್ಲೊಂದೇ. ಪುಣ್ಯಕ್ಕೆ ನಾನೂ ಅವಳ ರೊಟ್ಟಿ ತಿಂದಿದ್ದೆ.