ಮೈಲುತುತ್ತ ಹಾಕದ ಅಂಟು

ಬೆಂದ ಮೈದಾಹಿಟ್ಟಿನ ವಾಸನೆ ಮೆಟ್ಟಿಲ ಮೇಲೇ ಮೂಗಿಗೆ ಬಡಿಯಿತು. ಅಂಟು ಕುದಿಸುವ ವಾಸನೆ. ಕರಕುಶಲ ಕೇಂದ್ರವಂತೆ, ನೋಡೋಣ ಬಾ ಅಂತ ಮೊಮ್ಮಗಳು ವೇಲಚೇರಿಯಿಂದ ಬೆಳಿಗ್ಗೆಯೇ ಹೊರಡಿಸಿಕೊಂಡು ಬಂದಿದ್ದಳು. ಹಳೇ ಯೂನಿವರ್ಸಿಟಿ ಕಟ್ಟಡ. ಈಗ ಒಳಗೆ ಮಡಕೆ ಮಾಡುವವರನ್ನು, ಬುಟ್ಟಿ ಹೆಣೆಯುವವರನ್ನು ಕೂರಿಸಿದ್ದಾರೆ. ಇದೇ ಕಟ್ಟಡದಲ್ಲಿ ನಾನು ಹನ್ನೆರಡು ವರ್ಷ ಅಂಟು ಕುದಿಸಿದ್ದೆ ಅಂತ ಅವಳಿಗೆ ಹೇಳಿರಲಿಲ್ಲ. ಹೇಳುವಂಥದ್ದು ಏನಿತ್ತು?

ಮಹಡಿಯ ಆ ಕೋಣೆಯಲ್ಲಿ ಆಗ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಅಲ್ಲಿಗೆ ದೊಡ್ಡವರು ಬೈಂಡರ್ ಅಣ್ಣ. ನಮ್ಮ ಮಂಡ್ಯ ಕಡೆಯವರೇ. ಹಾರ್ಬರಿನಲ್ಲಿ ಮೂಟೆ ಬಿದ್ದು ನನ್ನ ಗಂಡನ ಸೊಂಟ ಮುರಿದಾಗ ಅವರೇ ಹೇಳಿ ನನ್ನನ್ನು ಕೆಲಸಕ್ಕೆ ಸೇರಿಸಿದ್ದರು. ಒಳ್ಳೆಯ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮೊದಲ ದಿನ ನನ್ನ ಅಂಟು ನೋಡಿ, "ಇದೇನವ್ವ, ಅಂಟೋ ಅಂಬಲಿಯೋ? ನಿನ್ ಗಂಡ ಇದ್ನೇ ಕುಡ್ಯೋದಾ?" ಅಂದಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಹಿಟ್ಟಿನ ಡಬ್ಬ ತೆಗೆದ ಕೂಡಲೇ ಒಣಹಿಟ್ಟಿಗೇ ಮೈಲುತುತ್ತದ ಪುಡಿ ಕಲಸಬೇಕು. ನೀಲಿ ವಿಷ ಅದು. ಹುಳ ಪುಸ್ತಕ ತಿನ್ನದಿರಲಿ ಅಂತ ಹಾಕುವುದು. ಒಣಹಿಟ್ಟಿಗೇ ಯಾಕೆ ಅಂದರೆ, ಕೆಲಸದವರು ಹಿಟ್ಟು ಮನೆಗೆ ಒಯ್ದು ತಿನ್ನದಿರಲಿ ಅಂತ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಗಂಡ ಹಾಸಿಗೆ ಹಿಡಿದ ಎರಡನೇ ತಿಂಗಳು... ಮೂರನೆಯದೋ, ನೆನಪಿಲ್ಲ. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನನ್ನ ಮುಖ ನೋಡಿಯೇ ಬೈಂಡರ್ ಅಣ್ಣನಿಗೆ ತಿಳಿಯಿತೋ ಏನೋ. "ತುತ್ತ ಒಣಹಿಟ್ಟಿಗೆ ಬ್ಯಾಡ. ಅಂಟು ಕುದಿಯೋವಾಗ ಹಾಕವ್ವ" ಅಂದು ಕಿಟಕಿ ಕಡೆ ತಿರುಗಿ ನಿಂತರು. ನಾನು ಎರಡು ಹಿಡಿ ಹಿಟ್ಟು ಸೆರಗಿಗೆ ಕಟ್ಟಿಕೊಂಡೆ. ಆಮೇಲೆ ದಿನಾ ಹಾಗೇ ನಡೆಯಿತು. ಅವರು ದಿನಾ ಕಿಟಕಿ ನೋಡಿದರು.

ಒಂದು ದಿನ ಮಗಳಿಗೆ ಜ್ವರ. ನನ್ನ ತಲೆ ಎಲ್ಲೋ ಇತ್ತು. ಹಿಟ್ಟು ಕಟ್ಟಿಕೊಂಡೆ, ಅಂಟು ಕುದಿಸಿದೆ, ತುತ್ತ ಹಾಕುವುದನ್ನು ಮರೆತೆ. ಸಂಜೆ ನೋಡಿದರೆ ಆ ದಿನದ ತುತ್ತದ ಪೊಟ್ಟಣ ಹಾಗೇ ಇತ್ತು. ಅಷ್ಟರಲ್ಲಿ ಒಂದು ಬೀರುವಿನಷ್ಟು ಪುಸ್ತಕ ಕಟ್ಟಿ ಆಗಿತ್ತು. ನಾನು ಹೇಳಲಿಲ್ಲ. ಪೊಟ್ಟಣವನ್ನು ಮೋರಿಗೆ ಸುರಿದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಆ ಪುಸ್ತಕಗಳ ಬೆನ್ನೆಲ್ಲ ಹುಳ ತಿಂದು ಪುಡಿ. ಆಫೀಸರು ಮಹಡಿ ಹತ್ತಿ ಬಂದು, ಅಂಟು ಮಾಡಿದ್ದು ಯಾರು ಅಂತ ಕೇಳಿದರು. ನಾನು ಬೋಸಿ ತಿಕ್ಕುತ್ತಿದ್ದೆ. ತಿಕ್ಕುತ್ತಲೇ ಇದ್ದೆ. ಬೈಂಡರ್ ಅಣ್ಣ ನನ್ನ ಕಡೆ ನೋಡಲೂ ಇಲ್ಲ. "ನಾನ್‌ದಾನ್ ಸಾರ್" ಅಂದುಬಿಟ್ಟರು, ತಾನೇ ಅಂತ.

ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ಹೋಗುವಾಗ ಕತ್ತರಿ, ದಬ್ಬಳ ಎಲ್ಲ ಚೀಲಕ್ಕೆ ಹಾಕಿಕೊಂಡು, "ಇನ್ಮ್ಯಾಕೆ ಒಣಹಿಟ್ಟಿಗೇ ಹಾಕವ್ವ. ಮುಂದೆ ಬರೋನು ಕಿಟಕಿ ನೋಡಾಕಿಲ್ಲ" ಅಂದರು.

ನಾನು ಬಾಯಿಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಮನೆಯಲ್ಲಿ ಮೂರು ಹೊಟ್ಟೆ. ಅದಕ್ಕೇ ಸುಮ್ಮನಿದ್ದೆ. ಅವರಿಗೂ ಹೊಟ್ಟೆ ಇತ್ತಲ್ಲ... ರಾಯಪುರಂನಲ್ಲಿ ಬೈಂಡರ್ ಸತ್ತರಂತೆ ಅಂತ ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು. ಬದುಕಿದ್ದಾಗ ಒಂದು ಸಲವೂ ನೋಡಲು ಹೋಗಿರಲಿಲ್ಲ.

ಈಗ ಆ ಕೋಣೆಯಲ್ಲಿ ಒಬ್ಬಳು ಹುಡುಗಿ, ಬಂದವರಿಗೆ ನೋಟ್‌ಬುಕ್ಕು ಕಟ್ಟುವುದನ್ನು ಕಲಿಸುತ್ತಿದ್ದಳು. ಅಂಟಿಗೆ ತುತ್ತ ಹಾಕಿದ್ದೀಯೇನಮ್ಮ ಅಂತ ತಮಿಳಿನಲ್ಲಿ ಕೇಳಿದೆ. ಅಯ್ಯೋ, ಅದು ವಿಷ, ಇಲ್ಲಿ ಮಕ್ಕಳು ಬರುತ್ತಾರೆ ಅಂದಳು. ಹುಳ ತಿನ್ನುತ್ತದಲ್ಲ ಅಂದೆ. ತಿಂದರೆ ಇನ್ನೊಂದು ಮಾಡಿಕೊಂಡರಾಯಿತು ಅಂತ ನಕ್ಕಳು.

"ಉನಕ್ಕು ಎಪ್ಪಡಿ ತೆರಿಯುಂ ಪಾಟ್ಟಿ?" ನಿನಗೆ ಹೇಗೆ ಗೊತ್ತು ಅಜ್ಜಿ ಅಂತ ಮೊಮ್ಮಗಳು ಕೇಳಿದಳು. ಅವಳು ಕನ್ನಡ ಆಡುವುದಿಲ್ಲ, ನಾವು ಆಡಿದರೆ ಅವಳಿಗೆ ತಿಳಿಯುತ್ತದೆ.

"ಇಲ್ಲೇ ಕೆಲ್ಸ ಮಾಡ್ತಿದ್ದೆ ಕಣೆ. ನಾನ್ ಮಾಡಿದ್ ತಪ್ಪಿಗೆ ಇನ್ನೊಬ್ರು ಕೆಲ್ಸ ಕಳ್ಕೊಂಡ್ರು" ಅಂದೆ. ಬೇರೆಯವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು.

ಯಾರು, ಹೆಸರೇನು ಅಂದಳು. ಹೇಳಲು ಬಾಯಿ ತೆಗೆದೆ... ಎಲ್ಲರೂ ಬೈಂಡರ್ ಅಂತಲೇ ಕರೆಯುತ್ತಿದ್ದರು. ನಾನು ಕೇಳಿಯೇ ಇರಲಿಲ್ಲ.

ಮೊಣಕಾಲು ನೋಯುತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತೆ. ಕಿಟಕಿ ಹಾಗೇ ಇದೆ. ಎದುರಿಗೆ ಆಗಲೂ ಬರೀ ಗೋಡೆ, ಈಗಲೂ ಬರೀ ಗೋಡೆ. ದಿನಾ ನಿಂತು ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ.