ಕಾಕು ಬೆಳೆಸಿದ ತಂಗಡಿ

ಮೊನ್ನೆ ಮಲ್ಕಾಜ್‌ಗಿರಿ ಸ್ಟೇಷನ್ ಹೊರಗೆ ಇಲ್ಲಿನ ತೆಲುಗು ಹೆಂಗಸರ ಬತುಕಮ್ಮ ಹಬ್ಬಕ್ಕೆಂದು ತಂಗಡಿ, ಅಂದರೆ ಆವರಿಕೆ ಹೂವಿನ ಕಟ್ಟುಗಳನ್ನು ರಾಶಿ ಹಾಕಿದ್ದರು. ಬಿಸಿಲಿಗೆ ಬಾಡಿದ ಸೊಪ್ಪಿನ ಒಗರು ವಾಸನೆ ಮೂಗಿಗೆ ಬಡಿದದ್ದೇ ಎದುರುಮನೆ ಕಾಕು ನೆನಪಾದರು…

ಬೀದರ್ ಕಡೆಯವರು, ಅಲ್ಲಿ ಚಿಕ್ಕಮ್ಮನಿಗೆ ಕಾಕು ಅನ್ನುತ್ತಾರೆ. ಯಜಮಾನರ ಕಾರ್ಖಾನೆ ನೌಕರಿಯಿಂದಾಗಿ ಕುಷಾಯಿಗೂಡಕ್ಕೆ ಬಂದು ನಮ್ಮ ಕಾಲೊನಿಯಲ್ಲೇ ಉಳಿದವರು. ಹಿಡಿದ ಪಟ್ಟು ಬಿಡುವ ಹೆಂಗಸಲ್ಲ. ಬತುಕಮ್ಮನ ಹೂಗೋಪುರ ಜೋಡಿಸಲು ತಂಗಡಿ ಬೇಕೇ ಬೇಕು. ಅದಕ್ಕಾಗಿ ಹೆಂಗಸರೆಲ್ಲ ಪರದಾಡುವುದನ್ನು ನೋಡಿ, ಕಾಲೊನಿ ಗೇಟಿನ ಪಕ್ಕ ತಾವೇ ಬೆಳೆಸಲು ಹೊರಟರು. ನರ್ಸರಿಯಿಂದ ನಾನು ತಂದ ಗಿಡದ ಎಲೆ ತಿರುವಿ ನೋಡಿ ವಾಪಸು ಕಳಿಸಿದರು.

"ಹಳದಿ ಹೂವ ಯಾವ ಗಿಡಕ್ಕರ ಬಿಡ್ತಾವವ್ವಾ. ತಂಗಡಿಗೆ ಎಲಿ ಬುಡದಾಗ ಕಿವಿ ಇರ್ತಾವ."

ರೈಲು ಹಳಿಯ ಪಕ್ಕದ ಕಾಡುಗಿಡದಲ್ಲಿ ಆ ಕಿವಿಗಳನ್ನು ತೋರಿಸಿದರು, ಎಲೆ ಬುಡಕ್ಕೆ ಅಂಟಿದ ದುಂಡನೆಯ ಪುಟ್ಟ ಎಲೆಗಳು. ಅದನ್ನೇ ಕಿತ್ತು ತಂದು ನೆಟ್ಟೆವು, ಒಣಗಿತು. ಕಲ್ಲಿನಲ್ಲೂ ಬದುಕುವ ಗಿಡ, ಬೇರು ಮುಟ್ಟಿದರೆ ಮಾತ್ರ ಸಹಿಸದು! ಆಮೇಲೆ ಕಾಕು ಬೀಜಗಳನ್ನು ಒರಟು ಕಲ್ಲಿಗೆ ಉಜ್ಜಿ, ಬಿಸಿನೀರಲ್ಲಿ ನೆನೆಸಿ, ಬೆಳೆಯಬೇಕಾದ ಜಾಗದಲ್ಲೇ ಊರಿದರು. ಹೆಚ್ಚು ನೀರು ಹಾಕಿದ್ದಕ್ಕೆ ನನಗೆ ಬೈಗುಳ. ಗಿಡ ಎದೆಮಟ್ಟ ಬೆಳೆದು ಮೈತುಂಬ ಹೂಬಿಟ್ಟಿತು.

ಕಾಲೊನಿ ಸಂಘದ ಅಧ್ಯಕ್ಷರಿಗೆ ಮಾತ್ರ ಅದು ಕಳೆ. ಅಲ್ಲಿ ಟೈಲ್ಸ್ ಹಾಕಿಸಬೇಕೆಂದು ಗುದ್ದಲಿ ಹಿಡಿದ ಆಳುಗಳನ್ನು ಕರೆತಂದರು. ಕಾಕು ಗಿಡದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಮೆಂತ್ಯೆ ಸೊಪ್ಪು ಸೋಸುತ್ತ ಕೂತುಬಿಟ್ಟರು. ಅಧ್ಯಕ್ಷರು ತೆಲುಗಿನಲ್ಲಿ ರೇಗಾಡಿದರು. ತೆಲುಗು ಚೆನ್ನಾಗಿ ಬರುತ್ತಿದ್ದ ಕಾಕು ಬೇಕೆಂದೇ ಕನ್ನಡದಲ್ಲಿ ಉತ್ತರ ಕೊಟ್ಟರು.

"ಹಬ್ಬಕ್ಕ ಹೂವ ಬೇಕು, ಗಿಡ ಬ್ಯಾಡೇನ್ರಿ ನಿಮಗ?"

ಅಧ್ಯಕ್ಷರ ಹೆಂಡತಿಗೆ ಕನ್ನಡ ಬಾರದು. ಆದರೂ ಮನೆಯಿಂದ ಇನ್ನೊಂದು ಕುರ್ಚಿ ತಂದು, ಗಂಡನ ಕಡೆ ನೋಡದೆ ಕಾಕು ಪಕ್ಕ ಕೂತು ತಾವೂ ಮೆಂತ್ಯೆ ಸೋಸತೊಡಗಿದರು. ಆಳುಗಳು ನಗುತ್ತ ಹೊರಟುಹೋದರು.

ಹೋದ ವರ್ಷ ಕಾಕು ತೀರಿಕೊಂಡರು… ಈ ಬೇಸಿಗೆಯಲ್ಲಿ ನಾನು ಊರಿಗೆ ಹೋಗಿ ಬರುವಷ್ಟರಲ್ಲಿ ಗಿಡ ಕಿತ್ತು ಟೈಲ್ಸ್ ಹಾಕಿದ್ದರು. ಕಾಕು ಹೋದ ದಿನ ಬಾರದ ಅಳು ಆವತ್ತು ಬಂತು. ಅಳುವಿಗಿಂತ ಸಿಟ್ಟೇ ಹೆಚ್ಚು.

ಮಳೆ ಬಿದ್ದ ಮೇಲೆ ಅದೇ ಜಾಗದ ಟೈಲ್ಸೊಂದನ್ನು ಎಬ್ಬಿಸಿ ಬೀಜ ಊರಿದೆ. ಸಸಿ ಈಗ ಗೇಣುದ್ದ ಇದೆ. ಇದು ಯಾರ ಕೆಲಸ ಎಂದು ನಿನ್ನೆ ಅಧ್ಯಕ್ಷರು ಕೇಳಿದರು. ನನ್ನದೇ ಎಂದೆ. ಕಿತ್ತರೆ ಮತ್ತೆ ಊರುತ್ತೇನೆ ಎಂದೂ ಹೇಳಿದೆ. ಪಕ್ಕದಲ್ಲಿ ಕಾಕು ಇರಬೇಕಿತ್ತು. ಇಲ್ಲ. ಈ ಜಗಳ ಇನ್ನು ನಾನೊಬ್ಬಳೇ ಆಡಬೇಕು, ಆಡುತ್ತೇನೆ.