ಯಲ್ಲಕ್ಕ ತೆರೆಯದ ಆಲಿವ್ ಕ್ಯಾನು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಾವಣಗೆರೆಯ ಕೆ.ಬಿ. ಬಡಾವಣೆಯ ಉದ್ಯಾನದ ಗೇಟಿನ ಮುಂದೆ ಯಲ್ಲಕ್ಕ ಸ್ಟೀಲ್ ಕ್ಯಾನುಗಳನ್ನು ಸಾಲಾಗಿ ಇಡುತ್ತಿದ್ದಾರೆ. ಹಾಗಲಕಾಯಿ ರಸ, ನೆಲ್ಲಿಕಾಯಿ ರಸ, ಅಮೃತಬಳ್ಳಿ ಕಷಾಯ, ಜೀರಿಗೆ ನೀರು. ಕೊನೆಯದು ಆಲಿವ್ ಎಲೆಯ ಕಷಾಯ. ಅದೊಂದರ ಮುಚ್ಚಳಕ್ಕೆ ಸುತ್ತಿದ ಬಟ್ಟೆಯನ್ನು ಅವರು ಬಿಚ್ಚುವುದಿಲ್ಲ. ಕಣ್ಣು ಪದೇ ಪದೇ ರಸ್ತೆಯ ತಿರುವಿಗೆ ಹೋಗುತ್ತದೆ.

"ವಾಮದೇವಪ್ಪ ಮೇಷ್ಟ್ರು ಇಷ್ಟೊತ್ತಿಗೆ ಬರಬೇಕಿತ್ತು ನೋಡ್ರಿ."

ನಿವೃತ್ತ ಶಿಕ್ಷಕ ವಾಮದೇವಪ್ಪ ಇಲ್ಲಿನ ಹಳೆಯ ಗಿರಾಕಿ. ನಿನ್ನೆ ಆಲಿವ್ ಕಷಾಯ ಕುಡಿದು ನಡೆಯಲು ಹೋದವರು ತಲೆ ತಿರುಗಿ ಕಲ್ಲುಬೆಂಚಿನ ಮೇಲೆ ಕುಸಿದರು. ಯಲ್ಲಕ್ಕ ಸೆರಗಿನಿಂದ ಗಾಳಿ ಬೀಸಿ, ಆಟೊ ಹತ್ತಿಸಿ ಕಳಿಸಿದರು. ಗಾಬರಿಯಲ್ಲಿ ಮನೆ ಎಲ್ಲಿ, ಫೋನ್ ನಂಬರ್ ಏನು ಎಂದು ಕೇಳಲು ಹೊಳೆಯಲಿಲ್ಲ. ಆಮೇಲೆ ಸುದ್ದಿಯಿಲ್ಲ.

"ನಿನ್ನೆ ರಾತ್ರಿ ಊಟಾನೇ ಮಾಡ್ಲಿಲ್ರಿ. ನನ್ನ ಲೋಟದಿಂದ ಏನಾರ ಆತೇನೋ ಅಂತ ಒಂದೇ ಯೋಚನೆ."

ಯಲ್ಲಕ್ಕನವರ ಮನೆ ಹರಿಹರದಲ್ಲಿ. ಗಂಡ ತಿಪ್ಪೇರುದ್ರಪ್ಪ ಹಮಾಲಿ ಮಾಡಿ ಸೊಂಟ ಹಾಳುಮಾಡಿಕೊಂಡವರು. ಕೂತಲ್ಲೇ ಹಾಗಲಕಾಯಿ ಹೆಚ್ಚಿಕೊಡುತ್ತಾರೆ. ಕೋಳಿ ಕೂಗುವ ಮೊದಲೇ ಒಲೆ ಹಚ್ಚಿ, ಮೊದಲ ಬಸ್ಸಿಗೆ ಯಲ್ಲಕ್ಕ ಹೊರಡುತ್ತಾರೆ. ಕಂಡಕ್ಟರೇ ಇಳಿದು ಕ್ಯಾನು ಎತ್ತಿಕೊಡುತ್ತಾರಂತೆ, "ಬಿಸಿ ಐತೆ, ಕಾಲು ಹುಷಾರು" ಎಂದು ಬಸ್ಸಿಗೆಲ್ಲ ಕೂಗಿ ಹೇಳುತ್ತಾರಂತೆ. ದಿನಕ್ಕೆ ಐವತ್ತು ಅರವತ್ತು ಲೋಟ ಹೋದರೆ ಮನೆ ನಡೆಯುತ್ತದೆ.

ಮೊದಲು ಹರಿಹರದ ಬಸ್ ನಿಲ್ದಾಣದ ಹತ್ತಿರ ಚಹಾ ಮಾರುತ್ತಿದ್ದರು. ಸಕ್ಕರೆ ಕಾಯಿಲೆಯವರು ಚಹಾ ನೋಡಿ ಸುಮ್ಮನೆ ಹೋಗುವುದನ್ನು ಕಂಡು ಅವರಿಗೆಂದೇ ಹಾಗಲಕಾಯಿ ರಸ ಮಾಡತೊಡಗಿದರು, ಆಮೇಲೆ ಅಂಥ ಗಿರಾಕಿಗಳು ಹೆಚ್ಚಿರುವ ಈ ಉದ್ಯಾನಕ್ಕೆ ಬಂದರು. ಮೂರು ತಿಂಗಳ ಹಿಂದೆ ಇಲ್ಲಿನ ವಾಯುವಿಹಾರಿಗಳು ಮೊಬೈಲಿನಲ್ಲಿ ವಿಡಿಯೊ ತೋರಿಸಿದರು. ಆಲಿವ್ ಎಲೆ ಬಿ.ಪಿ. ಇಳಿಸುತ್ತದೆ, ಸಕ್ಕರೆಗೂ ಒಳ್ಳೆಯದು ಎಂದರು. ಎಲೆ ರಾಜಸ್ಥಾನದ ಕಡೆಯದು. ಒಣಗಿಸಿ ಪೊಟ್ಟಣ ಕಟ್ಟಿದ್ದು ಪೇಟೆಯ ಗಿಡಮೂಲಿಕೆ ಅಂಗಡಿಯಲ್ಲಿ ಸಿಗುತ್ತದೆ.

"ಗಿಡ ಹೆಂಗೈತೆ ಅಂತ ನಾ ನೋಡಿಲ್ರಿ. ಬಾಯಿಗಿಟ್ರೆ ಬೇವಿನಂಗ ಕಹಿ. ಕಹಿ ಇದ್ದದ್ದು ಯಾರಿಗೂ ಕೆಡಕು ಮಾಡಲ್ಲ ಅಂತ ನಂಬಿದ್ದೆ. ದಿನಾ ಮೊದಲ ಲೋಟ ನಾನೇ ಕುಡಿದು ನೋಡ್ತೀನಿ. ನನಗೇನೂ ಆಗ್ಲಿಲ್ಲ."

ನಡೆದು ದಣಿದ ಗುಂಪೊಂದು ಬರುತ್ತದೆ. "ಏನು ಯಲ್ಲಕ್ಕ, ಮೇಷ್ಟ್ರು ಒಬ್ರು ತಲೆ ತಿರುಗಿ ಕುಂತಿದ್ದಕ್ಕೆ ನಮಗೂ ಆಲಿವ್ ಬಂದ್ ಮಾಡಿದ್ಯಾ?" ಎಂದು ಒಬ್ಬರು ಕೆಣಕುತ್ತಾರೆ.

"ಇವತ್ತು ಹಾಗಲಕಾಯಿ ಕುಡೀರಿ ಸಾವ್ಕಾರ್ರೆ, ನಾಲಿಗೆ ಹಿಡಿತಕ್ಕೆ ಬರ್ತೈತೆ."

ಎಲ್ಲರೂ ನಗುತ್ತಾರೆ. ಯಲ್ಲಕ್ಕನ ನಗು ಮಾತ್ರ ತುಟಿಯಲ್ಲೇ ನಿಲ್ಲುತ್ತದೆ. ಇಬ್ಬರು ಏನೂ ಕುಡಿಯದೆ ಹೋಗುತ್ತಾರೆ.

ಬಿಸಿಲೇರುವ ಹೊತ್ತಿಗೆ ಆಟೊವೊಂದು ನಿಲ್ಲುತ್ತದೆ. ಇಳಿದವರು ಮೇಷ್ಟ್ರ ಹೆಂಡತಿ ಶಾಂತಕುಮಾರಿ, ಒಬ್ಬರೇ. ಹಿಂದೊಮ್ಮೆ ಮೇಷ್ಟ್ರ ಜೊತೆ ಉದ್ಯಾನಕ್ಕೆ ಬಂದಿದ್ದರಿಂದ ಯಲ್ಲಕ್ಕನಿಗೆ ಗುರುತು. ಯಲ್ಲಕ್ಕ ಕೈಯಲ್ಲಿದ್ದ ಲೋಟದ ಸಮೇತ ಅವರತ್ತ ಧಾವಿಸುತ್ತಾರೆ.

"ಅಮ್ಮಾರೆ, ಮೇಷ್ಟ್ರು?"

"ಮನೆಯಾಗ ದೋಸೆ ತಿಂತಾ ಕುಂತಾರ. ನೀ ಮೊದ್ಲು ಕೂಡ್ರು ಮಾರಾಯ್ತಿ." ಶಾಂತಕುಮಾರಿ ಯಲ್ಲಕ್ಕನ ಕೈಯಿಂದ ಲೋಟ ತೆಗೆದು ಕೆಳಗಿಡುತ್ತಾರೆ. "'ಆಕಿ ಊಟ ಬಿಟ್ಟಿರ್ತಾಳೆ, ಹೋಗಿ ಹೇಳಿ ಬಾ' ಅಂತ ಅವರೇ ಕಳಿಸಿದ್ರು."

ಮೇಷ್ಟ್ರು ಖಾಲಿ ಹೊಟ್ಟೆಯಲ್ಲಿ ಬಿ.ಪಿ. ಗುಳಿಗೆ ನುಂಗಿ, ಅದರ ಮೇಲೆ ಕಷಾಯ ಕುಡಿಯುತ್ತಿದ್ದರಂತೆ. ಎರಡೂ ಸೇರಿ ಬಿ.ಪಿ. ತೀರಾ ಇಳಿದಿರಬೇಕು, ಕಷಾಯ ನಿಲ್ಲಿಸಿ ಎಂದರಂತೆ ಡಾಕ್ಟರು.

"ಕಷಾಯ ಕುಡೀತೀನಿ ಅಂತ ಡಾಕ್ಟ್ರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ನಿಂದೇನು ತಪ್ಪು ಇದರಾಗ?"

"ನಾನೂ ಕೇಳ್ಲಿಲ್ಲಲ್ರಿ ಅಮ್ಮಾರೆ," ಎನ್ನುತ್ತಾರೆ ಯಲ್ಲಕ್ಕ.

ಶಾಂತಕುಮಾರಿ ಹೋದ ಮೇಲೆ ಸ್ಥೂಲಕಾಯದ ಹಿರಿಯರೊಬ್ಬರು ಬೆವರು ಒರೆಸುತ್ತ ಆಲಿವ್ ಕೇಳುತ್ತಾರೆ.

"ಬಿ.ಪಿ. ಗುಳಿಗೆ ತಗೊಂತೀರೇನ್ರಿ?"

"ತಗೊಂತೀನಿ. ಕೇಳಾಕೆ ನೀನೇನು ಡಾಕ್ಟ್ರಾ?"

"ಅಲ್ರಿ. ಅದಕ್ಕ ಡಾಕ್ಟ್ರನ್ನೇ ಕೇಳ್ಕೊಂಡು ಬರ್ರಿ ಅಂತೀನಿ. ಅಲ್ಲೀತನಕ ಜೀರಿಗೆ ನೀರು ಕುಡೀರಿ."

ಅವರು ಗೊಣಗುತ್ತ ಹೊರಟುಬಿಡುತ್ತಾರೆ. ನಾಳೆಯೂ ಹೀಗೇ ಆದರೆ ಮನೆ ಹೇಗೆ ನಡೆಯುತ್ತದೆ ಎಂಬ ಚಿಂತೆ ಯಲ್ಲಕ್ಕನ ಮುಖದಲ್ಲಿ ಕಾಣುತ್ತದೆ. ಆದರೂ ಮುಂದಿನವರಿಗೂ ಅದೇ ಪ್ರಶ್ನೆ ಕೇಳುತ್ತಾರೆ.

"ಗಿರಾಕಿ ಸಿಟ್ಟಾಗಿ ಹೋದ್ರೆ ಹೋಗ್ಲಿ ಬಿಡ್ರಿ," ಎನ್ನುತ್ತಾರೆ. "ನನ್ನ ಕೈಯಾಗ ಕುಡಿದೋರು ಮಾರನೇ ದಿನ ನಡ್ಕೊಂಡು ಬಂದು ಬೈಬೇಕು. ಅಷ್ಟೇ ನನ್ನ ಆಸೆ."